ಸಹಾಯ ಬೇಕ್ರಿ: ಎಫ್‌ಸಿಆರ್‌ಎ (ವಿದೇಶಿ ದೇಣಿಗಿ ಕಾಯ್ದೆ) ಪ್ರಯರ್ ಪರ್ಮಿಷನ್‌ಗೆ ಕೊಡೋರ ಲೆಟರ್ ಮೊದ್ಲೋ, ಪರ್ಮಿಷನ್ ಮೊದ್ಲೋ?

ನಮಸ್ಕಾರ್ರೀ ಎಲ್ಲಾರ್ಗೂ. ನಮ್ದು ಹಾವೇರಿ ಜಿಲ್ಲಾದಾಗ ಸಣ್ಣ ಟ್ರಸ್ಟ್, ಶಿಗ್ಗಾಂವಿ ಸವಣೂರ ಕಡೆ ಹಳ್ಳ್ಯಾಗ ಗ್ರಾಮಸಭಾ, ಮಾಹಿತಿ ಹಕ್ಕು, ಪಿಂಚಣಿ ಇಂಥವುಕ್ಕ ಓಡಾಡ್ತೀವಿ. ಮೊದ್ಲ ಮನಿ ಮನಿಗೆ ಹೋಗಿ ಸಹಿ ಹಾಕ್ಸ್ಕೊಂಡು ಸಭಾ ಆತು ಅಂತಿದ್ದ ಊರಾಗ ಈಗ ಹೆಣ್ಮಕ್ಳು ಎದ್ದು ನಿಂತು ನಡಾವಳಿ ಪುಸ್ತಕ ಓದಿ ತೋರ್ಸ್ರಿ ಅಂತಾರ.

ತ್ರಾಸು ಇರೂದು ರೊಕ್ಕದ್ದು. ಜಾತ್ರಿ ಅಂದ್ರ ಪಟ್ಟಿ ಕೊಡೂ ಮಂದಿ ಹಕ್ಕಿನ ಕೆಲ್ಸ ಅಂದ್ರ ಕೈ ಬಿಚ್ಚಂಗಿಲ್ಲ, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣಿ) ರೊಕ್ಕ ನೋಡ್ಕೊಳ್ಳೋರೂ ಶಾಲಿ ಬೆಂಚು, ಕುಡಿಯೂ ನೀರು ಇದ್ರ ಹೇಳ್ರಿ ಅಂದ್ರು. ಈಗ ಯುರೋಪಿನ ಒಂದು ಫೌಂಡೇಶನ್ನವ್ರು ಎರಡು ವರ್ಷದ ಪ್ರಾಜೆಕ್ಟಿಗೆ ಮನಸ್ಸು ಮಾಡ್ಯಾರ. ಎಫ್‌ಸಿಆರ್‌ಎ ಪೂರ್ತಿ ರಿಜಿಸ್ಟ್ರೇಷನ್‌ಗೆ ಮೂರು ವರ್ಷದಾಗ 15 ಲಕ್ಷ ಖರ್ಚು ತೋರಿಸ್ಬೇಕು, ನಮ್ದು ಎಲ್ಲಿ ಅಷ್ಟಾಗ್ಬೇಕ್ರಿ. ರಿಜಿಸ್ಟ್ರೇಷನ್ ಇರೂ ಬೆಂಗಳೂರಿನ ಸಂಸ್ಥಾ ಮುಖಾಂತರ ತಗೊಳ್ಳೂಣು ಅಂದ್ರ 2020ರ ತಿದ್ದುಪಡಿ ಆದಮ್ಯಾಲೆ ಅವ್ರು ಬ್ಯಾರೆಯವ್ರಿಗೆ ದಾಟ್ಸೂ ಹಂಗೇ ಇಲ್ಲ. ಉಳಿದಿದ್ದು ಪ್ರಯರ್ ಪರ್ಮಿಷನ್, ಅಂದ್ರ ಇಂಥವ್ರಿಂದ ಇಂಥಾ ಕೆಲ್ಸಕ್ಕ ಇಷ್ಟು ರೊಕ್ಕ ತಗೊಳ್ತೀವಿ ಅಂತ ಮೊದ್ಲ ಕೇಳಿ ತಗೊಳ್ಳೂ ಅನುಮತಿ; ಅದಕ್ಕ ಎಫ್‌ಸಿ-3ಬಿ ಫಾರ್ಮು ತುಂಬ್ಬೇಕು.

ಸಿಕ್ಕಾಕ್ಕೊಂಡಿದ್ದು ಇಲ್ಲೇ ನೋಡ್ರಿ. ಫಾರ್ಮಿನ ಜೋಡಿ ಇಷ್ಟು ರೊಕ್ಕ, ಇಂಥಾ ಕೆಲ್ಸಕ್ಕ ಅಂತ ಕೊಡೋರ ಕಮಿಟ್‌ಮೆಂಟ್ ಲೆಟರ್ ಹಚ್ಬೇಕು, ಫೌಂಡೇಶನ್ನವ್ರು ನೋಡಿದ್ರ ಮೊದ್ಲ ಪರ್ಮಿಷನ್ ತೋರಿಸ್ರಿ ಆಮ್ಯಾಲೆ ಲೆಟರ್ ಅಂತಾರ. ಧಾರವಾಡದ ನಮ್ಮ ಸಿಎ ಅವ್ರು ಆಡಿಟ್ ಬೇಕಾರ ಮಾಡ್ತೀನಿ, ಇದು ನನಗೂ ಹೊಸಾದು ಅಂದ್ಬಿಟ್ರು.

‘ಪರ್ಮಿಷನ್ ಸಿಕ್ರ ಮಾತ್ರ ರೊಕ್ಕ ಕಳಸ್ತೀವಿ’ ಅಂತ ಶರತ್ತು ಹಾಕಿ ಬರ್ದ ಲೆಟರ್ ಕೇಂದ್ರ ಗೃಹ ಸಚಿವಾಲಯದವ್ರು ಒಪ್ತಾರೇನ್ರಿ? ಹಿಂಗ ಮಾಡಿ ಪರ್ಮಿಷನ್ ತಗೊಂಡವ್ರು ಯಾರರ ಇದ್ರ ಆ ಸಾಲು ಲೆಟರ್‌ನ್ಯಾಗ ಹೆಂಗ ಬರ್ಸಿದ್ರಿ ಅಂತ ಸ್ವಲ್ಪ ತಿಳಿಸ್ರಿ.