ಲೈನ್ ಮನೆ ಮಕ್ಕಳ ಕಜ್ಜಿ ವಾಸಿಯಾಗಿ ಮತ್ತೆ ಬರುತ್ತಿದೆ, ದಾರಿ ಹೇಳಿ

ಅಂಗನವಾಡಿ ಟೀಚರ್, ಮೂಡಿಗೆರೆ ಕಡೆ

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ತಾಲ್ಲೂಕಿನ ಒಂದು ಅಂಗನವಾಡಿಯಲ್ಲಿ ಟೀಚರ್. ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಪಕ್ಕದ ಕಾಫಿ ತೋಟದ ಕೆಲಸದವರು ಸಾಲಾಗಿ ವಾಸಿಸುವ ಲೈನ್ ಮನೆಯವು. ಮಳೆ ಹಿಡಿದಾಗಿನಿಂದ ಒಂದೊಂದೇ ಮಗುವಿಗೆ ಕಜ್ಜಿ ಶುರುವಾಗಿ ಈಗ 11 ಮಕ್ಕಳಿಗೆ ಇದೆ. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆ. ಮಧ್ಯಾಹ್ನ ಮಲಗಿಸಿದರೆ ನಿದ್ದೆಯಲ್ಲೇ ಕೆರೆದುಕೊಳ್ಳುತ್ತವೆ, ನೋಡೋಕಾಗಲ್ಲ. ನಾಲ್ಕು ಮಕ್ಕಳಿಗೆ ಕೆರೆದ ಜಾಗ ಕೀವಾಗಿದೆ, ಮೂಗಿನ ಕೆಳಗೆ ಜೇನುತುಪ್ಪ ಒಣಗಿದ ಹಾಗೆ ಹಳದಿ ಹಕ್ಕಳೆ ಕಟ್ಟಿದೆ.

ಮೂರು ಮಕ್ಕಳನ್ನು ಅವರ ತಾಯಂದಿರ ಜೊತೆ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಮುಲಾಮು ಕೊಟ್ಟರು, ವಾಸಿ ಆಯಿತು. ಮೂರು ವಾರಕ್ಕೆ ಅದೇ ಮಕ್ಕಳಿಗೆ ಮತ್ತೆ ಬಂತು. ಇನ್ನೊಬ್ಬ ತಾಯಿ ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಟ್ಯೂಬ್ ತಂದು ಹಚ್ಚಿದಳು. ಎರಡು ದಿನ ನವೆ ಕಮ್ಮಿ ಆಯಿತು, ಆಮೇಲೆ ಮೈ ತುಂಬ ಹರಡಿತು.

ಈಗ ಊರಿನ ಕೆಲವರು ಲೈನ್ ಮಕ್ಕಳನ್ನು ಬೇರೆ ಕೂರಿಸಿ, ಇಲ್ಲಾಂದ್ರೆ ನಮ್ಮ ಮಕ್ಕಳನ್ನು ಕಳಿಸಲ್ಲ ಅನ್ನುತ್ತಿದ್ದಾರೆ. ವಾಪಸ್ ಕಳಿಸಿದರೆ ಆ ಮಗುವಿಗೆ ಮೊಟ್ಟೆ, ಊಟ ಎರಡೂ ತಪ್ಪುತ್ತದೆ, ತಾಯಿ ಅದನ್ನು ಮಳೆಯಲ್ಲಿ ತೋಟಕ್ಕೆ ಹೊತ್ತುಕೊಂಡು ಹೋಗಬೇಕು. ನನಗೆ ಮನಸ್ಸು ಬರುತ್ತಿಲ್ಲ. ಯಾಕೆ ಹೀಗೆ ಮತ್ತೆ ಮತ್ತೆ ಬರುತ್ತದೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಹಾಸನದ ಹಳೇ ಡಾಕ್ಟರ್

ಟೀಚರಮ್ಮ, ಆ ಮಕ್ಕಳನ್ನು ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಿರಲ್ಲ, ಅದಕ್ಕೆ ಮೊದಲು ನಮಸ್ಕಾರ. ನಾನು ಹಾಸನ ಜಿಲ್ಲೆಯ ಮಲೆನಾಡು ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತುಂಬ ವರ್ಷ ಕೆಲಸ ಮಾಡಿದವನು. ನೋಡದೆ ಖಚಿತವಾಗಿ ಹೇಳುವುದು ತಪ್ಪು, ಆದರೆ ನೀವು ಬರೆದಿರುವುದೆಲ್ಲ ತುರಿಕಜ್ಜಿಯ ಲಕ್ಷಣ. ಇಂಗ್ಲಿಷಿನಲ್ಲಿ ಸ್ಕೇಬಿಸ್. ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳ ಚರ್ಮದೊಳಗೆ ಬಿಲ ಕೊರೆದು ಮೊಟ್ಟೆ ಇಡುತ್ತದೆ. ಇಡೀ ಮೈಯಲ್ಲಿ ಸಾಮಾನ್ಯವಾಗಿ 10-15 ಹುಳ ಮಾತ್ರ ಇರುತ್ತವೆ, ಆದರೆ ನವೆ ಮೈ ತುಂಬ.

ಮತ್ತೆ ಬರುವ ಕಾರಣ ಇಲ್ಲಿದೆ. ಮೊದಲ ಸಲ ಹುಳ ಹತ್ತಿದವರಿಗೆ ನವೆ ಶುರುವಾಗಲು 4ರಿಂದ 6 ವಾರ ಬೇಕು. ಅಂದರೆ ಒಂದೇ ಕಂಬಳಿಯಲ್ಲಿ ಮಲಗುವ ತಾಯಿಗೋ ತಮ್ಮನಿಗೋ ಇವತ್ತು ಏನೂ ಇಲ್ಲದಂತೆ ಕಂಡರೂ ಹುಳ ಅವರ ಮೈಯಲ್ಲಿ ಆಗಲೇ ಇರುತ್ತದೆ. ನೀವು ಮೂರು ಮಕ್ಕಳಿಗೆ ಔಷಧಿ ಕೊಡಿಸಿದಿರಿ, ಅವು ವಾಸಿಯಾಗಿ ಅದೇ ಕಂಬಳಿಗೆ ಹೋದವು. ಹಾಗಾಗಿ ಲೈನಿನ ಎಲ್ಲರಿಗೂ, ನವೆ ಇರಲಿ ಬಿಡಲಿ, ಒಂದೇ ರಾತ್ರಿ ಹಚ್ಚಬೇಕು. 7ರಿಂದ 14 ದಿನದೊಳಗೆ ಮತ್ತೊಂದು ಸಲ ಎಲ್ಲರಿಗೂ ಹಚ್ಚಬೇಕು, ಮೊಟ್ಟೆಯಲ್ಲಿ ಉಳಿದುಕೊಂಡದ್ದು ಅಷ್ಟರಲ್ಲಿ ಹೊರಗೆ ಬಂದಿರುತ್ತದೆ. ಈ ಎರಡನೇ ಸಲವನ್ನೇ ಜನ ಬಿಡುವುದು.

ಮುಲಾಮು ಪರ್ಮೆತ್ರಿನ್ 5%. ಕತ್ತಿನಿಂದ ಅಂಗಾಲಿನ ತನಕ, ಉಗುರಿನ ಕೆಳಗೂ ಬಿಡದೆ ಹಚ್ಚಿ 8ರಿಂದ 14 ಗಂಟೆ ಬಿಟ್ಟು ತೊಳೆಯಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ತಲೆ, ಮುಖಕ್ಕೂ ಬೇಕು, ಕಣ್ಣು ಬಾಯಿ ಸುತ್ತ ಮಾತ್ರ ಬೇಡ. ರಾತ್ರಿ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಎರಡು ತಿಂಗಳಿಗಿಂತ ಚಿಕ್ಕ ಕೂಸು, ಬಸುರಿ ಇದ್ದರೆ ಡಾಕ್ಟರಿಗೆ ತೋರಿಸಿಯೇ ಮಾಡಿ. ಹುಳ ಸತ್ತ ಮೇಲೂ ನವೆ ಎರಡು ಮೂರು ವಾರ ಇರುತ್ತದೆ, ಹೆದರಿ ದಿನಾ ಹಚ್ಚಬೇಡಿ.

ಆ ಮೆಡಿಕಲ್ ಶಾಪ್ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇದ್ದಿರಬಹುದು. ಅದು ನವೆಯನ್ನು ಅಡಗಿಸುತ್ತದೆ, ಹುಳವನ್ನು ಕೊಲ್ಲುವುದಿಲ್ಲ, ಚರ್ಮದ ಶಕ್ತಿ ಕುಂದಿ ಕಜ್ಜಿ ಇನ್ನೂ ಹರಡುತ್ತದೆ. ಹುಳುಕಡ್ಡಿಗೂ ಇದೇ ಟ್ಯೂಬು ಹಚ್ಚಿ ಕೆಡಿಸಿಕೊಂಡವರನ್ನು ಎಷ್ಟೋ ನೋಡಿದ್ದೇನೆ. ಆ ಮಗುವನ್ನು ಡಾಕ್ಟರ್ ಹತ್ತಿರ ಕಳಿಸಿ.

ಹಳದಿ ಹಕ್ಕಳೆಯ ನಾಲ್ಕು ಮಕ್ಕಳ ವಿಷಯ ಬೇರೆ, ಅವರನ್ನು ನಾಳೆಯೇ ತೋರಿಸಿ. ಕೆರೆದ ಗಾಯಕ್ಕೆ ಸ್ಟ್ರೆಪ್ಟೊಕಾಕಸ್, ಸ್ಟಫಿಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಸೇರಿ ಆಗುವುದು ಅದು. ಆಂಟಿಬಯೋಟಿಕ್ ಬೇಕು. ಸ್ಟ್ರೆಪ್ಟೊಕಾಕಸ್ ಸೇರಿದ್ದರೆ ಗಾಯ ಮಾಯ್ದ ಮೇಲೂ, ಸುಮಾರು ಮೂರು ವಾರಕ್ಕೆ, ಕೆಲವು ಮಕ್ಕಳಿಗೆ ಮೂತ್ರಪಿಂಡ ಊದಿಕೊಳ್ಳುತ್ತದೆ. ಬೆಳಿಗ್ಗೆ ಕಣ್ಣಿನ ಸುತ್ತ ಬಾವು, ಮೂತ್ರ ಕಮ್ಮಿ, ಕಾಫಿ ಡಿಕಾಕ್ಷನ್ ಬಣ್ಣ ಕಂಡರೆ ಒಂದು ದಿನವೂ ಕಾಯಬೇಡಿ. ಬರೀ ಕಜ್ಜಿ ತಾನೇ ಅಂತ ಬಿಡುವ ಕಾಯಿಲೆ ಅಲ್ಲ ಇದು, ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಲೈನಿನಲ್ಲೇ ಬೆಳೆದವಳು, ಸಕಲೇಶಪುರ

ಟೀಚರ್ ಅಕ್ಕ, ನಾನು ಲೈನ್ ಮನೆಯಲ್ಲೇ ಹುಟ್ಟಿ ಬೆಳೆದವಳು, ಈಗ ಆಶಾ ಕೆಲಸ ಮಾಡುತ್ತೇನೆ. ಡಾಕ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ, ಆದರೆ ಲೈನಿನಲ್ಲಿ ಅದನ್ನು ಮಾಡಿಸುವುದು ಹೇಗೆ ಅನ್ನುವುದೇ ಕಷ್ಟ.

ಚಿಕ್ಕವಳಿದ್ದಾಗ ನನಗೂ ಕಜ್ಜಿ ಆಗಿತ್ತು. ಶಾಲೆಯಲ್ಲಿ ಬಾಗಿಲ ಹತ್ತಿರ ಒಬ್ಬಳನ್ನೇ ಕೂರಿಸಿದ್ದರು. ಅವ್ವ ಆಮೇಲೆ ಉದ್ದ ತೋಳಿನ ಅಂಗಿ ಹಾಕಿ ಮುಚ್ಚಿ ಕಳಿಸುತ್ತಿದ್ದಳು. ಬೇರೆ ಕೂರಿಸಿದರೆ ಕಜ್ಜಿ ಹೋಗಲ್ಲ ಅಕ್ಕ, ಅಡಗಿಕೊಳ್ಳುತ್ತದೆ, ಅಷ್ಟೇ. ದಯವಿಟ್ಟು ಆ ಮಕ್ಕಳನ್ನು ಬೇರೆ ಮಾಡಬೇಡಿ.

ಹಚ್ಚುವ ದಿನ ಸಂತೆಯ ಹಿಂದಿನ ರಾತ್ರಿ ಇಟ್ಟುಕೊಳ್ಳಿ. ಮಾರನೇ ದಿನ ಕೆಲಸಕ್ಕೆ ರಜೆ, ಎಲ್ಲರೂ ಮನೆಯಲ್ಲಿ ಇರುತ್ತಾರೆ, ನೀರು ಕಾಯಿಸಿ ಸ್ನಾನಕ್ಕೂ ಸಮಯ ಸಿಗುತ್ತದೆ. ಮುಲಾಮನ್ನು ಮನೆಗೊಂದು ಟ್ಯೂಬ್ ಅಂತ ಹಂಚಬೇಡಿ, ತಲೆ ಲೆಕ್ಕ ಹಾಕಿ. ದೊಡ್ಡವರೊಬ್ಬರಿಗೆ 30 ಗ್ರಾಂ ಹತ್ತಿರ ಬೇಕಾಗುತ್ತದೆ. ಕಮ್ಮಿ ಕೊಟ್ಟರೆ ಎಲ್ಲಾ ಮಗುವಿಗೇ ಹಚ್ಚಿ ತಾಯಿ ಸುಮ್ನೆ ಇರುತ್ತಾಳೆ.

ಕಂಬಳಿ ಬಗ್ಗೆ ಬಿಸಿಲಿಗೆ ಹಾಕಿ ಅಂತ ಎಲ್ಲರೂ ಹೇಳುತ್ತಾರೆ, ಆಷಾಢದಲ್ಲಿ ನಮ್ಮ ಕಡೆ ಬಿಸಿಲು ಎಲ್ಲಿದೆ? ಮೈ ಬಿಟ್ಟು ಹುಳ ಎರಡು ಮೂರು ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ. ಹಾಗಾಗಿ ಬಟ್ಟೆ, ಹೊದಿಕೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿದು ನಾಲ್ಕೈದು ದಿನ ಅಟ್ಟದ ಮೇಲಿಟ್ಟರೆ ಸಾಕು. ಗೊಬ್ಬರದ್ದೋ ಗಿಡಕ್ಕೆ ಹೊಡೆಯುವ ಔಷಧಿಯದ್ದೋ ಖಾಲಿ ಚೀಲ ಮಾತ್ರ ಬೇಡ, ಲೈನಿನಲ್ಲಿ ಮೊದಲು ಕೈಗೆ ಸಿಗುವುದು ಅದೇ. ಆ ನಾಲ್ಕು ದಿನ ಹೊದೆಯಲು ಬೇರೆ ಕಂಬಳಿ ಬೇಕಾಗುತ್ತದೆ, ಅದನ್ನು ಮೊದಲೇ ಯೋಚಿಸಿ.

ಬೇವಿನ ಸೊಪ್ಪು ಅರೆದು ತಿಕ್ಕಿ ತಿಕ್ಕಿ ಬಿಸಿನೀರು ಹುಯ್ಯುವುದನ್ನು ಬೇಡ ಅನ್ನಿ. ಚರ್ಮ ಕಿತ್ತು ಬಂದು ಅದೇ ಕೀವಾಗುತ್ತದೆ. ಲೈನಿನಲ್ಲಿ ಅಸ್ಸಾಮಿನಿಂದ ಕೆಲಸಕ್ಕೆ ಬಂದವರು ಇದ್ದರೆ ಕನ್ನಡ ಹಿಂದಿ ಎರಡೂ ಬರುವ ಅವರಲ್ಲೇ ಒಬ್ಬ ಹೆಂಗಸನ್ನು ಜೊತೆಗೆ ಇಟ್ಟುಕೊಳ್ಳಿ.

ಸಣ್ಣ ತೋಟದವನು, ಬೇಲೂರು

ಮೇಡಂ, ತೋಟದವರನ್ನು ಕೇಳಲು ಹಿಂಜರಿಯಬೇಡಿ. ಲೈನಿನ ಮನೆ, ನೀರು, ಔಷಧಿ ಮಾಲೀಕರ ಹೊಣೆ ಅಂತ 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆಯಲ್ಲೇ ಇತ್ತು. ನನ್ನದು ಸಣ್ಣ ತೋಟ, ಐದು ಮನೆ ಲೈನು. ಎರಡು ವರ್ಷದ ಹಿಂದೆ ಇದೇ ಆಗಿತ್ತು, ನಾನು ತಿಂಗಳುಗಟ್ಟಲೆ ಗಮನ ಕೊಡಲಿಲ್ಲ, ಅದು ನನ್ನ ತಪ್ಪು. ಕೊನೆಗೆ ಎಲ್ಲರಿಗೂ ಮುಲಾಮು ತಂದೆವು, ನಮ್ಮ ಮನೆಯವರೂ ಹಚ್ಚಿಕೊಂಡೆವು, ನಾವು ಹಚ್ಚಿಕೊಂಡಿದ್ದು ನೋಡಿ ಹಿಂಜರಿಯುತ್ತಿದ್ದವರೂ ಬಂದರು. ಆಮೇಲೆ ಒಂದು ತಗಡಿನ ಶೆಡ್ ಹಾಕಿ ಬೆಂಕಿ ಗೂಡು ಮಾಡಿಸಿದೆ, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು. ಮೊದಲೇ ಮಾಡಬೇಕಿತ್ತು.

ಡಾಕ್ಟ್ರೇ, ಇದಕ್ಕೆ ಮಾತ್ರೆಯೂ ಇದೆಯಂತಲ್ಲ?

ಹಾಸನದ ಹಳೇ ಡಾಕ್ಟರ್

ಇದೆ, ಐವರ್ಮೆಕ್ಟಿನ್. ಫಿಜಿ ದ್ವೀಪಗಳಲ್ಲಿ ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ನವೆ ಇದ್ದವರಿಗೆ ಮತ್ತು ಅವರ ಹತ್ತಿರದವರಿಗೆ ಮಾತ್ರ ಮುಲಾಮು ಕೊಟ್ಟ ಕಡೆ ನೂರರಲ್ಲಿ 37 ಜನಕ್ಕೆ ಇದ್ದ ಕಜ್ಜಿ ಒಂದು ವರ್ಷಕ್ಕೆ 19ಕ್ಕೆ ಇಳಿಯಿತು. ಎಲ್ಲರಿಗೂ ಮುಲಾಮು ಕೊಟ್ಟ ಕಡೆ 42ರಿಂದ 16ಕ್ಕೆ. ಎಲ್ಲರಿಗೂ ಮಾತ್ರೆ ಕೊಟ್ಟ ಕಡೆ 32ರಿಂದ 2ಕ್ಕೆ. ಮಕ್ಕಳ ಕೀವುಗಾಯವೂ ಅದರ ಜೊತೆಗೇ ಇಳಿಯಿತು. ಆದರೆ 15 ಕಿಲೋಗಿಂತ ಕಮ್ಮಿ ತೂಕದ ಮಕ್ಕಳಿಗೆ, ಬಸುರಿಯರಿಗೆ ಈ ಮಾತ್ರೆ ಕೊಡುವುದಿಲ್ಲ. ಅಂಗನವಾಡಿ ಮಕ್ಕಳಲ್ಲಿ ಹೆಚ್ಚಿನವರು ಅಷ್ಟು ತೂಗುವುದಿಲ್ಲ, ಅವರಿಗೆ ಮುಲಾಮೇ. ದೊಡ್ಡವರಿಗೆ ಮಾತ್ರೆ ಬೇಕೋ ಬೇಡವೋ ಅಂತ ನಿಮ್ಮ ವೈದ್ಯಾಧಿಕಾರಿ ತೀರ್ಮಾನಿಸಲಿ. ಅಂಗಡಿಯಲ್ಲಿ ಕೇಳಿ ತಗೊಳ್ಳಬೇಡಿ.

ಅಂಗನವಾಡಿ ಟೀಚರ್, ಮೂಡಿಗೆರೆ ಕಡೆ

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಾಲ್ಕು ಮಕ್ಕಳನ್ನೂ ತೋರಿಸಿಕೊಂಡು ಬಂದೆ, ಆಂಟಿಬಯೋಟಿಕ್ ಶುರುವಾಗಿದೆ. ಅಲ್ಲಿಯ ಡಾಕ್ಟರಿಗೆ ಇಡೀ ಲೈನಿನ ವಿಷಯ ಹೇಳಿದೆ, ಬುಧವಾರ ಅವರೇ ಲೈನಿಗೆ ಬರುತ್ತಾರೆ. ತಲೆ ಲೆಕ್ಕ ಹಾಕಿದೆ, 46 ಜನ, ಅದರಲ್ಲಿ ಒಬ್ಬಳು ಬಸುರಿ. ಹೊಸ ಚೀಲ, ಕಂಬಳಿಗೆ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಒಪ್ಪಿದ್ದಾರೆ. ಊರಿನ ತಾಯಂದಿರನ್ನೂ ಕೂರಿಸಿ ಮಾತಾಡಿದೆ, ಇಬ್ಬರು ತಮ್ಮ ಮಕ್ಕಳ ಕೈಯನ್ನೂ ತೋರಿಸಿದರು, ಅಲ್ಲೂ ಇದೆ.

ಒಂದೇ ಒಂದು ಪ್ರಶ್ನೆ ಉಳಿದಿದೆ. ಒಂದು ಸಂಸಾರ ಮೊದಲ ಸಲ ಹಚ್ಚಿದ ಮೇಲೆ ಕಳಸದ ಕಡೆ ತೋಟಕ್ಕೆ ಹೋಗುತ್ತಿದೆ, ಎರಡನೇ ಸಲಕ್ಕೆ ಇಲ್ಲಿ ಇರುವುದಿಲ್ಲ. ಏನು ಮಾಡಲಿ?

ಹಾಸನದ ಹಳೇ ಡಾಕ್ಟರ್

ಎರಡನೇ ಸಲದ ಮುಲಾಮನ್ನು ಅವರ ಕೈಗೇ ಕೊಟ್ಟು ಕಳಿಸಿ, ಯಾವ ರಾತ್ರಿ ಹಚ್ಚಬೇಕು ಅಂತ ವಾರದ ಹೆಸರು ಹೇಳಿ. ಅಲ್ಲಿ ಅವರ ಜೊತೆ ಯಾರು ಯಾರು ಮಲಗುತ್ತಾರೆ ಅಂತಲೂ ಕೇಳಿ, ಅವರ ಪಾಲನ್ನೂ ಸೇರಿಸಿ ಕೊಡಿ. ಆ ರಾತ್ರಿ ನೀವೊಂದು ಫೋನ್ ಮಾಡಿ.