ಪ್ರಶ್ನೋತ್ತರ: ರಿಲೀಸ್‌ಗೆ ಟಾಕಿಂಗ್ ಪಾಯಿಂಟ್ಸ್ ಬರೆಯೋದು ಹೇಗೆ?

ಅಡ್ಮಿನ್: ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ, ಬದಲಿಸಿ, ಹಂಚಬಹುದಾದ) ಸಾಫ್ಟ್‌ವೇರ್‌ನ ರಿಲೀಸ್‌ಗಳಿಗೆ ಟಾಕಿಂಗ್ ಪಾಯಿಂಟ್ಸ್, ಅಂದರೆ ಜನರಿಗೆ ಹೇಳಬೇಕಾದ ಮುಖ್ಯ ಮಾತು ಬರೆಯುವ ಮೇಡಂ ಇವತ್ತು ನಮ್ಮ ಗ್ರೂಪಿಗೆ ಸಿಕ್ಕಿದ್ದಾರೆ. ಕೇಳಿ.

ಹೊಸ ಮೇಂಟೇನರ್: ನಮಸ್ಕಾರ ಮೇಡಂ. ಚೇಂಜ್‌ಲಾಗನ್ನೇ ಹಾಕಿದರೆ ಸಾಲದಾ? ಎಷ್ಟು ಪಾಯಿಂಟ್ ಬೇಕು?

ಮೇಡಂ: ಸಾಲದು. ಕೋಡಲ್ಲಿ ಏನು ಬದಲಾಯಿತು ಅಂತ ಚೇಂಜ್‌ಲಾಗ್ ಹೇಳುತ್ತದೆ. ಬಳಸುವವರು ಕೇಳೋದು ‘ನನಗೇನು ಬಂತು’ ಅಂತ. ‘ಕ್ಯಾಶ್ ಲೇಯರ್ ರೀಫ್ಯಾಕ್ಟರ್ ಆಗಿದೆ’ ಬೇಡ. ‘ಫೈಲ್ ಪಟ್ಟಿ ಎರಡನೇ ಸಲ ತಕ್ಷಣ ತೆರೆಯುತ್ತದೆ’ ಅನ್ನಿ. ಮೂರು ಪಾಯಿಂಟ್ ಸಾಕು. ಸರ್ವರ್ ನೋಡಿಕೊಳ್ಳುವವರಿಗೆ ಬೇರೆ ಬರೆಯಿರಿ.

ರಾತ್ರಿ ಪಾಳಿ: ನಾಳೆ ನಮ್ಮ ಸಾಫ್ಟ್‌ವೇರ್‌ನ 3.0 ಆವೃತ್ತಿ ಬರುತ್ತಿದೆ. ಡೇಟಾಬೇಸ್ ಫಾರ್ಮ್ಯಾಟ್ ಬದಲಾಗಿದೆ, ಅಪ್‌ಗ್ರೇಡ್ ಆದಮೇಲೆ 2.8ಕ್ಕೆ ವಾಪಸ್ ಹೋಗೋಕಾಗಲ್ಲ. ಜನ ಹೆದರುತ್ತಾರೆ ಅಂತ ಅದನ್ನು ಕೊನೆಗೆ ಹಾಕಿದ್ದೇವೆ. ಮೊದಲ ಪಾಯಿಂಟ್ ‘ಎರಡು ಪಟ್ಟು ವೇಗ, ಸಲೀಸಾದ ಅಪ್‌ಗ್ರೇಡ್’. ಸರಿ ಇದೆಯಾ?

ಮೇಡಂ: ಇಲ್ಲ. ನಾಳೆ ಅಂತ ಬೇರೆ ಹೇಳುತ್ತಿದ್ದೀರಿ! ಸೆಮ್ಯಾಂಟಿಕ್ ವರ್ಷನಿಂಗ್ ಅನ್ನೋ ಆವೃತ್ತಿ ಸಂಖ್ಯೆ ಕೊಡುವ ಪದ್ಧತಿಯಲ್ಲಿ ಮೊದಲ ಅಂಕಿ ಏರಿದರೆ ಹಳೆಯದಕ್ಕೆ ಹೊಂದದ ಬದಲಾವಣೆ ಇದೆ ಅಂತ ಅರ್ಥ. ತಿಳಿದವರು ಮೊದಲು ಅದನ್ನೇ ಹುಡುಕುತ್ತಾರೆ. ತಿಳಿಯದವರು ನಿಮ್ಮ ‘ಸಲೀಸು’ ನಂಬಿ ಬ್ಯಾಕಪ್ ಇಲ್ಲದೆ ಬಟನ್ ಒತ್ತುತ್ತಾರೆ. ನನಗೆ ಭಯ ಇವರದ್ದೇ. ಮೊದಲ ಸಾಲು ಹೀಗಿರಲಿ: ‘3.0 ನಿಮ್ಮ ಡೇಟಾಬೇಸನ್ನು ಹೊಸ ಫಾರ್ಮ್ಯಾಟ್‌ಗೆ ಬದಲಿಸುತ್ತದೆ. ಮೊದಲು ಬ್ಯಾಕಪ್ ತೆಗೆಯಿರಿ, 2.8ಕ್ಕೆ ಮರಳಲು ಅದೊಂದೇ ದಾರಿ.’ ಯಾಕೆ ಬದಲಿಸಿದಿರಿ ಅನ್ನೋದು ಎರಡನೇ ಸಾಲು. ಇನ್ನು ವೇಗ. ಯಾವ ಕೆಲಸದಲ್ಲಿ, ಯಾವುದಕ್ಕಿಂತ? 2022ರಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ 3.11 ಬಂದಾಗ ‘3.10ಕ್ಕಿಂತ ಶೇ. 10ರಿಂದ 60ರಷ್ಟು ವೇಗ, ಬೆಂಚ್‌ಮಾರ್ಕ್ ಸೂಟ್‌ನಲ್ಲಿ (ವೇಗ ಅಳೆಯುವ ಪರೀಕ್ಷೆಗಳಲ್ಲಿ) ಸರಾಸರಿ 1.25 ಪಟ್ಟು’ ಅಂತ ಬರೆದರು. 60 ಒಂದನ್ನೇ ಹಿಡಿದು ಕೂಗಲಿಲ್ಲ. ಅದಿರಲಿ, ಬ್ಯಾಕಪ್‌ನಿಂದ 2.8ಕ್ಕೆ ಮರಳಿ ನೋಡಿದ್ದೀರಾ?

ರಾತ್ರಿ ಪಾಳಿ: ಇಲ್ಲ ಮೇಡಂ.

ಮೇಡಂ: ಮೊದಲು ಅದು. ಬರವಣಿಗೆ ಆಮೇಲೆ.

ಫಾರ್ವರ್ಡ್ ಅಣ್ಣ: ‘ಈ 7 ಪವರ್ ಪದ ಹಾಕಿ, ಡೌನ್‌ಲೋಡ್ ಹತ್ತು ಪಟ್ಟು ಏರುತ್ತದೆ! ಕ್ರಾಂತಿಕಾರಿ, ಅದ್ಭುತ, ನಂಬರ್ ಒನ್...’ ಬೇರೆ ಗ್ರೂಪಿಂದ ಬಂತು.

ಮೇಡಂ: ಮತ್ತೆ ಇದೇನಾ? ಯಾರೂ ಬಳಸಬೇಡಿ. ಕೋಡ್ ಎಲ್ಲರೆದುರು ಬಿಚ್ಚಿಟ್ಟು ಬಡಾಯಿ ಕೊಚ್ಚಿದರೆ ಸಂಜೆಯೊಳಗೆ ಯಾರೋ ಅಳೆದು ತೋರಿಸುತ್ತಾರೆ.

ಡಿಸೈನರ್: ಸ್ಕ್ರೀನ್‌ಶಾಟ್ ಎಷ್ಟಿರಬೇಕು?

ಸ್ಟಾರ್ಟಪ್ ಹುಡುಗ: ನಮ್ಮ ಸಾಫ್ಟ್‌ವೇರ್‌ದು ಎಸ್‌ಎಸ್‌ಪಿಎಲ್ (ಸರ್ವರ್ ಸೈಡ್ ಪಬ್ಲಿಕ್ ಲೈಸೆನ್ಸ್) ಲೈಸೆನ್ಸ್. ‘ಓಪನ್ ಸೋರ್ಸ್’ ಅಂತ ಹಾಕಬಹುದಲ್ವಾ?

ಟರ್ಮಿನಲ್ ಪ್ರೇಮಿ: ಅದು ಓಪನ್ ಸೋರ್ಸ್ ಅಲ್ಲ. ಓಪನ್ ಸೋರ್ಸ್ ಲೈಸೆನ್ಸ್‌ಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಓಎಸ್‌ಐ 2021ರಲ್ಲೇ ಹೇಳಿದೆ.

ಸ್ಟಾರ್ಟಪ್ ಹುಡುಗ: ಕೋಡ್ ಕಾಣುತ್ತದಲ್ಲ ಸ್ವಾಮಿ, ಇನ್ನೇನು ಬೇಕು?

ಟರ್ಮಿನಲ್ ಪ್ರೇಮಿ: ಕಂಡರೆ ಸಾಕಾ? ಆ ಸಾಫ್ಟ್‌ವೇರನ್ನು ಸರ್ವಿಸ್ ಆಗಿ ಕೊಡುವವರು ತಮ್ಮ ಇಡೀ ಸರ್ವಿಸಿನ ಕೋಡ್ ಬಹಿರಂಗ ಮಾಡಬೇಕು. ಲೈಸೆನ್ಸ್ ಓದಿದ್ದೀರಾ, ಸುಮ್ನೆ ಅಂಟಿಸಿದ್ದೀರಾ?

ಸ್ಟಾರ್ಟಪ್ ಹುಡುಗ: ಕ್ಲೌಡ್ ಕಂಪನಿಗಳು ಬಿಟ್ಟಿ ಕೋಡಲ್ಲಿ ದುಡ್ಡು ಮಾಡುವಾಗ ನಿಮ್ಮಂಥವರು ಎಲ್ಲಿದ್ರಿ?

ಟರ್ಮಿನಲ್ ಪ್ರೇಮಿ: ಕೋಡ್ ತಿದ್ದಿ ಪ್ಯಾಚ್ ಕಳಿಸ್ತಾ ಇದ್ದೆ. ನೀವು?

ಅಡ್ಮಿನ್: ಇಬ್ಬರೂ ಸ್ವಲ್ಪ ನಿಲ್ಲಿಸಿ.

ಮೇಡಂ: ‘ಸೋರ್ಸ್ ಅವೈಲಬಲ್’, ಅಂದರೆ ಕೋಡ್ ನೋಡಲು ಸಿಗುತ್ತದೆ, ಅಂತ ಬರೆಯಿರಿ. ಮುಗೀತು.

ಈಗಷ್ಟೇ ಸೇರಿದವ: ಎಷ್ಟು ಪಾಯಿಂಟ್ ಬೇಕು ಮೇಡಂ?

ಮೇಡಂ: ಮೂರು. ಮೇಲಿದೆ.

ರಾತ್ರಿ ಪಾಳಿ: ಮರಳಿಸಿ ನೋಡಿದೆವು. ಅಟ್ಯಾಚ್‌ಮೆಂಟ್ ಒಂದೂ ಬರಲಿಲ್ಲ. ರಿಲೀಸ್ ಮುಂದಕ್ಕೆ ಹಾಕಿದ್ದೇವೆ.

ಮೇಡಂ: ಸದ್ಯ. ಸರಿಹೋದ ಮೇಲೆ ಡ್ರಾಫ್ಟ್ ಕಳಿಸಿ, ನೋಡುತ್ತೇನೆ.

ಸ್ಟಾರ್ಟಪ್ ಹುಡುಗ: ‘ಬಹುತೇಕ ಓಪನ್ ಸೋರ್ಸ್’ ಅನ್ನಬಹುದಾ?

ಮೇಡಂ: ಅನ್ನಬಾರದು.