ಕಡಲೂರಿಗೆ ಯಾವ ತಿಂಗಳಲ್ಲಿ ಹೋಗುವುದು? ಬಿಸಿಲು–ಮಳೆ ನೋಡಿಕೊಂಡರೆ ಸಾಕೇ?

ಮರಳುದಾರಿ ಕೇಳಿದ್ದು:

ಐದು ದಿನ ಬಿಡುವು ಮಾಡಿಕೊಂಡು ಕಡಲ ದಂಡೆಯ ಊರಿಗೆ ಹೋಗುವ ಯೋಚನೆ. ಊರು ಇನ್ನೂ ಗೊತ್ತುಮಾಡಿಲ್ಲ. ಮೂರ್ನಾಲ್ಕು ದೇಶಗಳ ಪಟ್ಟಿ ಕೈಯಲ್ಲಿದೆ, ತಿಂಗಳು ಮೊದಲು ತೀರ್ಮಾನವಾದರೆ ಊರು ಆರಿಸುವುದು ಸುಲಭ ಅನ್ನಿಸುತ್ತಿದೆ. ಜೊತೆಗೆ ಏಳು ವರ್ಷದ ಮಗು ಮತ್ತು ಮಂಡಿನೋವಿರುವ ಹಿರಿಯರೊಬ್ಬರು ಇರುತ್ತಾರೆ. ಮಗು ನೀರಿಗಿಳಿದು ಆಡುವಂತಿರಬೇಕು, ಒಂದು ದಿನ ದೋಣಿಯಲ್ಲಿ ಹೋಗಿ ಸ್ನಾರ್ಕೆಲಿಂಗ್ (ಮುಖವಾಡ, ಉಸಿರುಕೊಳವೆ ಹಾಕಿಕೊಂಡು ತೇಲುತ್ತಾ ನೀರಿನೊಳಗೆ ನೋಡುವುದು) ಮಾಡಬೇಕು, ಜಾತ್ರೆಯಂಥ ಜನಜಂಗುಳಿ ಬೇಡ.

ಯಾವ ಊರಿನ ಬಗ್ಗೆ ಓದಿದರೂ "ವರ್ಷವಿಡೀ ಹೋಗಬಹುದು" ಅಂತಲೇ ಬರೆದಿರುತ್ತಾರೆ. ತಿಂಗಳುವಾರು ಉಷ್ಣಾಂಶ, ಮಳೆ ನೋಡಿದೆ. ಎರಡು ಊರುಗಳಲ್ಲಿ ಒಂದೇ ತಿಂಗಳಿಗೆ 200 ಮಿ.ಮೀ. ಮಳೆ ತೋರಿಸುತ್ತದೆ. ಹಾಗಾದರೆ ಎರಡೂ ಒಂದೇನಾ? ಆಫ್ ಸೀಸನ್‌ನಲ್ಲಿ ಹೋದರೆ ನಿಜವಾಗಿ ಏನು ಕೈಕೊಡುತ್ತದೆ?

ತೆರೆನೊರೆ:

ನೀವು ನೋಡಿರುವುದೆಲ್ಲ ಆಕಾಶದ ಕ್ಯಾಲೆಂಡರ್. ಕಡಲಿನ ಕ್ಯಾಲೆಂಡರೇ ಬೇರೆ, ಇವೆರಡೂ ಕೂಡಿಬರುವ ವಾರಗಳು ವರ್ಷದಲ್ಲಿ ಕಡಿಮೆ. ಆ ವಾರಗಳನ್ನು ಹುಡುಕಬೇಕು.

ಮೊದಲು ನೀರಿನ ಬಿಸಿ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಬೇಸಿಗೆ–ಚಳಿಗಾಲ ಸ್ಪಷ್ಟವಾಗಿರುವ ದೇಶಗಳಲ್ಲಿ ಕಡಲು ಗಾಳಿಗಿಂತ ಒಂದೆರಡು ತಿಂಗಳು ಹಿಂದೆ ನಡೆಯುತ್ತದೆ. ಪಶ್ಚಿಮ ಮೆಡಿಟರೇನಿಯನ್ ದಂಡೆಯಲ್ಲಿ ಮೇ ತಿಂಗಳ ಬಿಸಿಲು ಹಿತವಾಗಿರುತ್ತದೆ, ನೀರು ಮಾತ್ರ 18 ಡಿಗ್ರಿ ಆಸುಪಾಸು. ಅದೇ ಸೆಪ್ಟೆಂಬರ್‌ನಲ್ಲಿ 23–24 ಇರುತ್ತದೆ. ಚಿತ್ರದಲ್ಲಿ ಎರಡೂ ತಿಂಗಳು ಒಂದೇ ಥರ ಕಾಣುತ್ತವೆ. ನೀರಿಗೆ ಕಾಲಿಟ್ಟಾಗ ಗೊತ್ತಾಗುತ್ತದೆ.

ಗಾಳಿ 24 ಡಿಗ್ರಿ ಇದ್ದರೆ ಹಿತ, ನೀರು 24 ಇದ್ದರೆ ಹಾಗಲ್ಲ. ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ, ಸಣ್ಣ ಮಕ್ಕಳಿಗೆ ಇನ್ನೂ ಬೇಗ ಚಳಿ ಹಿಡಿಯುತ್ತದೆ. ಮಗು ಗಂಟೆಗಟ್ಟಲೆ ಆಡಬೇಕೆಂದರೆ 26 ಅಥವಾ ಮೇಲಿರಲಿ. 21–24ರಲ್ಲಿ ದೊಡ್ಡವರು ಈಜಬಹುದು. 15ಕ್ಕಿಂತ ಕೆಳಗಿನ ನೀರಿಗೆ ದಿಢೀರನೆ ಇಳಿದರೆ ಉಸಿರೇ ಕಟ್ಟಿದಂತಾಗಿ ಈಜು ಬಲ್ಲವರೂ ಗಲಿಬಿಲಿಯಾಗುತ್ತಾರೆ.

ಇದಕ್ಕೆ ಅಪವಾದಗಳೂ ಇವೆ. ಅರಬ್ಬಿ ಸಮುದ್ರ ಏಪ್ರಿಲ್–ಮೇನಲ್ಲೇ ಅತಿ ಬೆಚ್ಚಗಿದ್ದು, ಮುಂಗಾರು ಬಿದ್ದ ಮೇಲೆ ತಣ್ಣಗಾಗುತ್ತದೆ. ಪೋರ್ಚುಗಲ್‌ನ ಪಡುವಣ ದಂಡೆಯಲ್ಲಿ ನಡು ಬೇಸಿಗೆಯಲ್ಲೂ ನೀರು 17–20 ಅಷ್ಟೆ, ಏಕೆಂದರೆ ಉತ್ತರದ ಗಾಳಿ ಮೇಲಿನ ನೀರನ್ನು ಆಚೆ ತಳ್ಳುತ್ತದೆ, ತಳದ ತಣ್ಣೀರು ಮೇಲೆ ಬರುತ್ತದೆ. ಕ್ಯಾಲಿಫೋರ್ನಿಯಾ ದಂಡೆಯಲ್ಲೂ ಇದೇ ಕಥೆ. ಜೊತೆಗೆ ಅಲ್ಲಿ ಮೇ–ಜೂನ್ ತಿಂಗಳ ಬೆಳಗುಗಳನ್ನು ಕಡಲಿನ ಮೋಡ ಮುಚ್ಚಿಕೊಂಡಿರುತ್ತದೆ, ಬಿಸಿಲು ನಂಬಿ ಹೋದವರು ಸ್ವೆಟರ್ ಹುಡುಕುತ್ತಾರೆ. ಹಾಗಾಗಿ "ಸಮುದ್ರದ ಮೇಲ್ಮೈ ಉಷ್ಣಾಂಶ" ಎಂಬ ಅಂಕಿಯನ್ನು ತಿಂಗಳುವಾರು ಬೇರೆಯಾಗಿಯೇ ಹುಡುಕಿ.

ಎರಡನೆಯದು ಅಲೆ. ಮುನ್ಸೂಚನೆಯಲ್ಲಿ ಕೊಡುವ ಎತ್ತರ ದೊಡ್ಡ ಮೂರನೇ ಒಂದು ಭಾಗ ಅಲೆಗಳ ಸರಾಸರಿ. ನಡುವೆ ಒಂದೊಂದು ಅದರ ಎರಡರಷ್ಟು ಬರುವುದುಂಟು. ಎತ್ತರ ದುಪ್ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಎತ್ತರದ ಪಕ್ಕದಲ್ಲಿ ಸೆಕೆಂಡ್ ಲೆಕ್ಕವೂ ಇರುತ್ತದೆ (ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಹೊತ್ತು), ಅದನ್ನು ಬಿಡಬೇಡಿ. 1 ಮೀಟರ್–6 ಸೆಕೆಂಡ್ ಎಂದರೆ ಅಲ್ಲೇ ಹುಟ್ಟಿದ ಗಾಳಿಯಲೆ. 1 ಮೀಟರ್–14 ಸೆಕೆಂಡ್ ಎಂದರೆ ದೂರದ ಬಿರುಗಾಳಿಯಿಂದ ಬಂದ ತೆರೆ, ದಡಕ್ಕೆ ಬಂದು ಎದ್ದುನಿಂತು ಹೊಡೆಯುತ್ತದೆ. ಮಗುವಿಗೆ ಅರ್ಧ ಮೀಟರ್ ಒಳಗಿರಲಿ.

ಅಷ್ಟಮಿಚಂದ್ರ:

ಮಳೆಯ ಪ್ರಶ್ನೆಗೆ ನಾನು ಹೇಳುತ್ತೇನೆ. 200 ಮಿ.ಮೀ. ಎರಡು ಕಡೆ ಒಂದೇ ಅಲ್ಲ. ಆರು ಸಂಜೆ ಗುಡುಗುಮಳೆ ಸುರಿದು 200 ಆಗಬಹುದು, ಇಪ್ಪತ್ತು ದಿನ ಜಿಟಿಜಿಟಿ ಹಿಡಿದೂ ಆಗಬಹುದು. ಮೊದಲನೆಯದರಲ್ಲಿ ಬೆಳಗೆಲ್ಲ ನಿಮ್ಮದೇ. ಮಿ.ಮೀ. ಜೊತೆ "ಮಳೆ ದಿನಗಳು" ಮತ್ತು "ದಿನಕ್ಕೆ ಬಿಸಿಲಿನ ಗಂಟೆ" ಎರಡನ್ನೂ ನೋಡಿ. ಮಳೆ ದಿನ ಎಂದು ಕರೆಯುವ ಅಳತೆ ದೇಶದಿಂದ ದೇಶಕ್ಕೆ ಬೇರೆ ಎಂಬುದು ನೆನಪಿರಲಿ. ಭಾರತದಲ್ಲಿ 2.5 ಮಿ.ಮೀ. ಬಿದ್ದರೆ ಲೆಕ್ಕ, ಹಲವು ಕಡೆ 1 ಮಿ.ಮೀ. ಸಾಕು. ಅದಕ್ಕೇ ಎರಡು ದೇಶದ ಪಟ್ಟಿ ಅಕ್ಕಪಕ್ಕ ಇಟ್ಟಾಗ ಒಂದು ಸುಮ್ಮನೆ ಹೆಚ್ಚು ತೊಯ್ದಂತೆ ಕಾಣುತ್ತದೆ. ಸರಾಸರಿ 30 ವರ್ಷದ್ದಾಗಿರಲಿ, ಈಗ ಚಾಲ್ತಿಯಲ್ಲಿರುವುದು 1991–2020ರದ್ದು.

ದೇಶಕ್ಕೊಂದು ಮಳೆಗಾಲ ಎಂಬ ಲೆಕ್ಕವೂ ತಪ್ಪುತ್ತದೆ. ಥಾಯ್ಲೆಂಡ್‌ನ ಫುಕೆಟ್ ಕಡೆ ಮೇ–ಅಕ್ಟೋಬರ್ ಮಳೆ, ಅದೇ ದೇಶದ ಸಮುಯಿ ದ್ವೀಪ ಅಕ್ಟೋಬರ್–ಡಿಸೆಂಬರ್‌ನಲ್ಲಿ ನೆನೆಯುತ್ತದೆ. ಭಾರತದ ಪಡುವಣ ದಂಡೆಗೆ ಜೂನ್–ಸೆಪ್ಟೆಂಬರ್, ತಮಿಳುನಾಡಿನ ದಂಡೆಗೆ ಅಕ್ಟೋಬರ್–ಡಿಸೆಂಬರ್. ಬೆಟ್ಟದ ಯಾವ ಮಗ್ಗುಲು ಗಾಳಿಗೆ ಎದುರಾಗಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ನಿಮ್ಮ ತಿಂಗಳು ಗಟ್ಟಿಯಾಗಿದ್ದರೆ ದೇಶ ಬದಲಿಸುವ ಮೊದಲು ದಂಡೆ ಬದಲಿಸಿ ನೋಡಿ.

ಚಂಡಮಾರುತದ ತಿಂಗಳುಗಳು ಬೇರೆ: ಅಟ್ಲಾಂಟಿಕ್‌ನಲ್ಲಿ ಜೂನ್ 1ರಿಂದ ನವೆಂಬರ್ 30, ಉತ್ತುಂಗ ಸೆಪ್ಟೆಂಬರ್ 10ರ ಸುಮಾರಿಗೆ. ಬಂಗಾಳ ಕೊಲ್ಲಿ–ಅರಬ್ಬಿ ಸಮುದ್ರದಲ್ಲಿ ಮುಂಗಾರಿಗೆ ಮುಂಚೆ ಒಂದು ಸರದಿ, ಅದು ಹೋದ ಮೇಲೆ ಇನ್ನೊಂದು. ಆ ತಿಂಗಳಲ್ಲೇ ಹೋಗುವುದಾದರೆ ಪ್ರಯಾಣ ವಿಮೆಯನ್ನು ಟಿಕೆಟ್ ಜೊತೆಗೇ ಮಾಡಿಸಿ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಸಾಮಾನ್ಯವಾಗಿ ಆ ಚಂಡಮಾರುತದ ನಷ್ಟ ತುಂಬಿಕೊಡುವುದಿಲ್ಲ.

ಹಾಯಿದೋಣಿ22:

"ಮಳೆ ನಿಂತ ಕೂಡಲೇ ಹೋಗಿ, ಹಸಿರು ಇರುತ್ತದೆ, ಜನ ಇರಲ್ಲ" ಎಂದು ಯಾರಾದರೂ ಖಂಡಿತ ಹೇಳುತ್ತಾರೆ. ಅದಕ್ಕೆ ಮೊದಲೇ ತಕರಾರು ಎತ್ತುತ್ತೇನೆ.

ಮಳೆ ನಿಂತಿತು ಎಂದರೆ ಕಡಲು ತಣಿಯಿತು ಎಂದಲ್ಲ. ಒರಟು ಅಲೆಗಳು ದಂಡೆಯ ಮರಳನ್ನು ಕಿತ್ತು ಸ್ವಲ್ಪ ದೂರದಲ್ಲಿ ನೀರಿನೊಳಗೆ ದಿಬ್ಬ ಕಟ್ಟಿರುತ್ತವೆ. ದಂಡೆ ಕಿರಿದಾಗಿ, ಕಡಿದಾಗಿ, ಎಲ್ಲೆಲ್ಲೋ ಬಂಡೆ ಹೊರಗೆ ಕಾಣುತ್ತಿರುತ್ತದೆ. ಸಣ್ಣ ಅಲೆಗಳು ಆ ಮರಳನ್ನು ಮತ್ತೆ ದಡಕ್ಕೆ ತಂದು ಹಾಕಲು ವಾರಗಟ್ಟಲೆ ಬೇಕು. ಆ ದಿಬ್ಬಗಳ ನಡುವಿನ ಕಂಡಿಯಲ್ಲೇ ನೀರು ವಾಪಸ್ ಹರಿಯುವುದು, ರಿಪ್ ಕರೆಂಟ್ ಅನ್ನುವುದು ಅದನ್ನೇ. ಎರಡೂ ಕಡೆ ಬಿಳಿನೊರೆ ಮುರಿಯುತ್ತಿದ್ದು ನಡುವೆ ಮಾತ್ರ ನೀರು ಕಪ್ಪಾಗಿ ಸುಮ್ಮನಿದ್ದರೆ, ಮರಳು ಬೆರೆತ ನೊರೆ ಅಲ್ಲಿಂದ ಆಚೆಗೆ ತೇಲಿಹೋಗುತ್ತಿದ್ದರೆ, ಅದೇ ಜಾಗ. ಮಕ್ಕಳನ್ನು ಕರೆದುಕೊಂಡವರು "ಇಲ್ಲಿ ಅಲೆ ಇಲ್ಲ" ಎಂದು ಸರಿಯಾಗಿ ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಡದ ಕಡೆ ಗುದ್ದಾಡಬಾರದು. ತೇಲುತ್ತಾ ಕೈಯೆತ್ತಿ ಕರೆಯಬೇಕು, ಬಲವಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಅಲೆ ಮುರಿಯುವ ಕಡೆಯಿಂದ ಒಳಬರಬೇಕು.

ಸ್ನಾರ್ಕೆಲಿಂಗ್‌ಗೂ ಇದೇ ಮಾತು. ಮಳೆಗಾಲದ ಕೊನೆಗೆ ಹೊಳೆಗಳು ಕೆಂಪು ನೀರು ತಂದು ಸುರಿಯುತ್ತಿರುತ್ತವೆ, ಮುಖವಾಡ ಹಾಕಿಕೊಂಡರೂ ಚಾಚಿದ ಕೈ ಕಾಣುವುದಿಲ್ಲ. ಮಳೆ ನಿಂತು ಮೂರ್ನಾಲ್ಕು ವಾರ ಬಿಡಿ, ಹೊಳೆ ಬಾಯಿಯಿಂದ ದೂರದ ದಂಡೆ ಆರಿಸಿ. ಯಾವ ಕಾಲದಲ್ಲೇ ಆಗಲಿ, ಜೋರು ಮಳೆ ಬಂದ ಮೇಲೆ ಮೂರು ದಿನ ಹೊಳೆ–ಚರಂಡಿ ಕೂಡುವ ಕಡೆ ಈಜುವುದು ಬೇಡ, ಊರಿನ ಕೊಳೆಯೆಲ್ಲ ಅಲ್ಲಿಗೇ ಬರುತ್ತದೆ.

ದೋಣಿಗೆ ಬೆಳಗಿನ ಹೊತ್ತು. ಬಿಸಿಲೇರಿ ನೆಲ ಕಾದ ಮೇಲೆ ಕಡಲಗಾಳಿ ಎದ್ದು ಮಧ್ಯಾಹ್ನಕ್ಕೆ ಜೋರಾಗುತ್ತದೆ. ಗಂಟೆಗೆ 12–19 ಕಿ.ಮೀ. ಗಾಳಿಗೆ ಅಲ್ಲಲ್ಲಿ ಬಿಳಿನೊರೆ ಕಾಣಿಸುತ್ತದೆ, 20 ದಾಟಿದರೆ ಎಲ್ಲೆಡೆ. ಅಲ್ಲಿಂದಾಚೆಗೆ ಸಣ್ಣ ದೋಣಿಯಲ್ಲಿ ಕೂತವರ ಹೊಟ್ಟೆ ತಿರುಗಲು ಶುರು.

ಮರಳುದಾರಿ:

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ತಿಂಗಳು ಹಿಡಿದ ಮೇಲೆ ಆ ತಿಂಗಳಲ್ಲಿ ಯಾವ ಐದು ದಿನ ಅನ್ನುವುದರಿಂದ ವ್ಯತ್ಯಾಸ ಆಗುತ್ತದೆಯೇ? ಹಿರಿಯರು ದಂಡೆಯಲ್ಲಿ ನಡೆಯಲು ಆಸೆಪಡುತ್ತಾರೆ, ಮರಳಿನಲ್ಲಿ ಕಾಲು ಹೂತರೆ ಕಷ್ಟ.

ಅಷ್ಟಮಿಚಂದ್ರ:

ಆಗುತ್ತದೆ, ಬಹಳ. ಪಂಚಾಂಗ ತೆಗೆಯಿರಿ.

ಹುಣ್ಣಿಮೆ, ಅಮಾವಾಸ್ಯೆ ಆಗಿ ಒಂದೆರಡು ದಿನಕ್ಕೆ ಉಬ್ಬರ–ಇಳಿತ ಅತಿ ದೊಡ್ಡದು. ಅಷ್ಟಮಿ–ನವಮಿಯ ಸುತ್ತ ಅತಿ ಚಿಕ್ಕದು, ನೀರಿನ ಓಟ ಕಡಿಮೆ, ತಳದ ಕೆಸರು ಏಳುವುದು ಕಡಿಮೆ. ಸ್ನಾರ್ಕೆಲಿಂಗ್ ದಿನ ಅಲ್ಲಿ ಬೀಳಲಿ. ಬಂಡೆಗಳ ನಡುವಿನ ಕೊಳ, ಏಡಿ, ನಕ್ಷತ್ರಮೀನು ಮಗುವಿಗೆ ತೋರಿಸಬೇಕಿದ್ದರೆ ಮಾತ್ರ ಹುಣ್ಣಿಮೆ–ಅಮಾವಾಸ್ಯೆಯ ದೊಡ್ಡ ಇಳಿತ ಬೇಕು.

ನಡೆಯಲು ಇಳಿತದ ಹೊತ್ತು. ಆಗ ನೀರು ಬಿಟ್ಟುಹೋದ ಒದ್ದೆ ಮರಳಿನ ಪಟ್ಟಿ ಅಗಲವಾಗಿ, ಸಮವಾಗಿ, ಗಟ್ಟಿಯಾಗಿರುತ್ತದೆ. ಹಿಮ್ಮಡಿ ಊರಿ ನೋಡಿ: ಸುತ್ತ ಒಂದು ಕ್ಷಣ ಬಿಳಿಚಿಕೊಂಡು ಗುರುತು ತೆಳ್ಳಗೆ ಮೂಡಿದರೆ ಅದೇ ನಡೆಯುವ ದಾರಿ. ಉಬ್ಬರದಲ್ಲಿ ಉಳಿಯುವುದು ಮೇಲಿನ ಒಣ ಮರಳು, ಅದು ಓರೆಯೂ ಹೌದು, ಮಂಡಿಗೆ ಶತ್ರುವೂ ಹೌದು. ಕೆಲವು ಕಿರಿದಾದ ಬೀಚ್‌ಗಳು ದೊಡ್ಡ ಉಬ್ಬರದಲ್ಲಿ ಇರುವುದೇ ಇಲ್ಲ.

ಹೆಚ್ಚಿನ ದಂಡೆಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಇಂದು ಬೆಳಗ್ಗೆ 6ಕ್ಕೆ ಇಳಿತವಿದ್ದರೆ ಐದನೇ ದಿನಕ್ಕೆ ಅದು 9.20ರ ಹೊತ್ತಿಗೆ ಸರಿದಿರುತ್ತದೆ, ಅಷ್ಟರಲ್ಲಿ ಬಿಸಿಲು. ಆದ್ದರಿಂದ ಮೊದಲ ದಿನದ ಇಳಿತ ನಸುಕಿಗೆ ಬೀಳುವಂತೆ ತಾರೀಕು ಹಿಡಿಯಿರಿ. ಉಬ್ಬರ–ಇಳಿತದ ನಡುವಿನ ಆರು ಗಂಟೆಯಲ್ಲಿ ಮಧ್ಯದ ಎರಡು ಗಂಟೆಗೇ ಅರ್ಧ ನೀರು ಓಡುತ್ತದೆ, ಬಂಡೆ ಸುತ್ತಿ ಹೋದವರು ವಾಪಸ್ ದಾರಿ ಕಾಣದೆ ನಿಲ್ಲುವುದು ಆಗಲೇ. ಮೆಡಿಟರೇನಿಯನ್‌ಗೆ ಹೋಗುವುದಾದರೆ ಇದೆಲ್ಲ ಮರೆತುಬಿಡಿ, ಅಲ್ಲಿ ಬಹುಪಾಲು ಕಡೆ ಏರಿಳಿತ ಒಂದೆರಡು ಗೇಣು.

ಉಪ್ಪುಗಾಳಿ:

ಯಾರೂ ಹೇಳದ ಎರಡು ವಿಷಯ. ಉತ್ತರ ಆಸ್ಟ್ರೇಲಿಯಾದಲ್ಲಿ ಸ್ಥೂಲವಾಗಿ ನವೆಂಬರ್–ಮೇ ಬಾಕ್ಸ್ ಜೆಲ್ಲಿಫಿಶ್ ಎಂಬ ವಿಷದ ಲೋಳೆಮೀನಿನ ಕಾಲ, ಬಲೆ ಕಟ್ಟಿದ ಜಾಗ ಬಿಟ್ಟು ಇಳಿಯುವಂತಿಲ್ಲ. ಅದು ಕುಟುಕಿದರೆ ತುರ್ತು ಸಹಾಯಕ್ಕೆ ಕರೆ ಮಾಡಿ ವಿನೆಗರ್ ಸುರಿಯುತ್ತಾರೆ. ಸಿಹಿನೀರು ಹಾಕುವುದು, ಮರಳಿನಿಂದ ಉಜ್ಜುವುದು ಕೂಡದು. ಕೆರಿಬಿಯನ್ ದಂಡೆಗಳಲ್ಲಿ 2011ರಿಂದೀಚೆಗೆ ಬೇಸಿಗೆಯಲ್ಲಿ ಸರ್ಗಾಸಮ್ ಪಾಚಿ ರಾಶಿರಾಶಿ ಬಂದು ಬೀಳುತ್ತದೆ, ಕೊಳೆತರೆ ಕೊಳೆತ ಮೊಟ್ಟೆಯ ನಾತ. ದಂಡೆಯ ಫೋಟೋ ನೋಡುವಾಗ ತೆಗೆದ ತಿಂಗಳನ್ನೂ ನೋಡಿ.

ತೆರೆನೊರೆ:

ಆಫ್ ಸೀಸನ್ ಪ್ರಶ್ನೆ ಉಳಿದಿದೆ. ಕೋಣೆ ಸೋವಿ ಎನ್ನುವುದು ನಿಜ. ಕೈಕೊಡುವುದು ಬೇರೆ ಕಡೆ: ಲೈಫ್ ಗಾರ್ಡ್‌ಗಳು ಸೀಸನ್ ಮುಗಿದ ದಿನವೇ ಹೋಗಿರುತ್ತಾರೆ, ಈಜಬಹುದೋ ಬಾರದೋ ಎಂದು ತೋರಿಸುವ ಬಾವುಟ ಇರುವುದಿಲ್ಲ, ದೋಣಿಗಳನ್ನು ದಡಕ್ಕೆ ಎಳೆದು ಮಗುಚಿರುತ್ತಾರೆ, ದ್ವೀಪಕ್ಕೆ ಹೋಗುವ ದೊಡ್ಡ ಬೋಟ್ ದಿನಕ್ಕೆ ಆರರ ಬದಲು ಒಂದೇ ಸಲ ಓಡುತ್ತದೆ. ಪಕ್ಕದ ಕಟ್ಟಡದಲ್ಲಿ ರಿಪೇರಿ ಕೆಲಸವೂ ಆಗಲೇ ನಡೆಯುವುದು. ಆದ್ದರಿಂದ ಕೋಣೆ ಹಿಡಿಯುವ ಮೊದಲು ಫೋನ್ ಮಾಡಿ ಇಷ್ಟು ಕೇಳಿ: ಆ ತಾರೀಕಿಗೆ ಲೈಫ್ ಗಾರ್ಡ್ ಇರುತ್ತಾರಾ, ಎಷ್ಟು ಗಂಟೆಯಿಂದ ಎಷ್ಟರವರೆಗೆ? ದೋಣಿ ಹೊರಡುತ್ತದಾ? ಗಾಳಿ ಎದ್ದು ರದ್ದಾದರೆ ಹಣ ವಾಪಸ್ಸೋ, ಇನ್ನೊಂದು ದಿನವೋ? ಮಗುವಿನ ಅಳತೆಯ ಲೈಫ್ ಜಾಕೆಟ್ ಇದೆಯಾ? ದೊಡ್ಡವರದ್ದನ್ನು ಬಿಗಿದು ಕಟ್ಟಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೇಳುತ್ತದೆ, ಮಗು ಕೆಳಕ್ಕೆ ಜಾರುತ್ತದೆ.

ಜನಜಂಗುಳಿ ತಪ್ಪಿಸಲು ಸೀಸನ್ನೇ ಬಿಡಬೇಕಾಗಿಲ್ಲ. ಆ ದೇಶದ ಶಾಲಾ ರಜೆ ಮತ್ತು ಉದ್ದ ವಾರಾಂತ್ಯ ಬಿಟ್ಟು, ಸೋಮವಾರ ಇಳಿದು ಶುಕ್ರವಾರ ಹೊರಡಿ. ದೋಣಿಯನ್ನು ಎರಡನೇ ದಿನಕ್ಕೆ ಇಟ್ಟುಕೊಳ್ಳಿ. ಅಂದು ಗಾಳಿ ಎದ್ದರೂ ಇನ್ನೆರಡು ಬೆಳಗು ಕೈಯಲ್ಲಿ ಉಳಿದಿರುತ್ತವೆ.